ಜಟಕಾ ಪ್ಯಾಡಿಯ ಮೊದಲ ಹೆಸರು

ಹಿಂದೂಪುರದ ರೈಲ್ವೆ ಸ್ಟೇಷನ್ನಿನ ಮುಂದೆ ಹುಣಸೆ ಮರದ ಕೆಳಗೆ ಏಳೆಂಟು ಜಟಕಾಗಳು ನಿಲ್ಲುತ್ತಿದ್ದ ಕಾಲ. ಆ ಸಾಲಿನ ಕೊನೆಯ ಗಾಡಿ ಪ್ಯಾಡಿಯದು. ಹೆಸರು ಕೇಳಿದ ಹೊಸಬರು ಯಾರೋ ಚಟ್ಟೆಕಾರರವನು, ಅರೆ ಇಂಗ್ಲಿಷಿನವನು, ಇರಬೇಕೆಂದು ತಿರುಗಿ ನೋಡುತ್ತಿದ್ದರು. ಕಣ್ಣಿಗೆ ಬೀಳುತ್ತಿದ್ದವನು ಮೊಣಕಾಲ ಮೇಲಕ್ಕೆ ಪಂಚೆ ಕಟ್ಟಿ, ಎರಡು ಗುಂಡಿ ಕಿತ್ತುಹೋದ ಖಾಕಿ ಕೋಟು ತೊಟ್ಟ, ನಮ್ಮ ನಿಮ್ಮಂತೆಯೇ ಕಪ್ಪಗಿನ ಮನುಷ್ಯ. ಬೆಲ್ಲದ ಮಂಡಿಯ ಸಾಹುಕಾರ ತೋಟಪ್ಪನವರಿಂದ ಹಿಡಿದು ಸ್ಟೇಷನ್ನಿನ ಕಸ ಗುಡಿಸುವ ಮುನಿಯಕ್ಕನವರೆಗೆ ಎಲ್ಲರ ಬಾಯಲ್ಲೂ ಅವನು ಪ್ಯಾಡಿ. ಮೂವತ್ತು ವರ್ಷ ಹಾಗೆಯೇ ನಡೆದುಬಂದಿತ್ತು.

ಇದೆಂಥ ಹೆಸರಯ್ಯಾ ಎಂದು ಗಾಡಿ ಹತ್ತಿದವರು ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು. ಐರ್ಲೆಂಡ್ ಅಂತ ಒಂದು ದೇಶವಿದೆ, ಅಲ್ಲಿ ದೊಡ್ಡ ಸಾಧುವೊಬ್ಬನ ಹೆಸರನ್ನು ಮನೆಗೊಬ್ಬ ಮಗನಿಗೆ ಇಡುತ್ತಾರೆ, ಆ ಹೆಸರು ಬಾಯಲ್ಲಿ ಸವೆದು ಸವೆದು ಪ್ಯಾಡಿ ಆಗುತ್ತದೆ, ಆ ದೇಶದವರು ಯಾರೇ ಎದುರಾದರೂ ಇಂಗ್ಲಿಷಿನವರು ಅವರನ್ನು ಹಾಗೆಯೇ ಕರೆಯುತ್ತಾರೆ. ಇಷ್ಟು ಹೇಳಿ ಲಗಾಮು ಸಡಿಲ ಬಿಟ್ಟು, ಯಾವುದಾದರೊಂದು ಪ್ಯಾಡಿಯ ಕಥೆ ಶುರುಮಾಡುತ್ತಿದ್ದ. ಮೂವರು ಜಟ್ಟಿಗಳ ಮೂಗೊಡೆದು, ಆಮೇಲೆ ತಾನೇ ಕೂತು ಆ ಮೂಗುಗಳಿಗೆ ಪಟ್ಟಿ ಕಟ್ಟಿದ ಪ್ಯಾಡಿ. ಜೈಲಿನಿಂದ ಅಗಸರ ಹೆಂಗಸಿನ ವೇಷದಲ್ಲಿ ಹೊರಬಿದ್ದು, ಕಾವಲುಗಾರನ ಅಂಗಿಯನ್ನೂ ಒಗೆಯಲು ಎತ್ತಿಕೊಂಡು ಹೋದ ಪ್ಯಾಡಿ. ವರ್ಷಕ್ಕೊಮ್ಮೆ ಬರಿಗಾಲಲ್ಲಿ ಕಲ್ಲು ಬೆಟ್ಟ ಹತ್ತಿ, ಊರಿನವರ ಪಾಪವೆಲ್ಲ ತನ್ನದೆಂದು ಒಪ್ಪಿಕೊಂಡು ಇಳಿಯುತ್ತಿದ್ದ ಪಾದ್ರಿ ಪ್ಯಾಡಿ. ಸ್ಟೇಷನ್ನಿನಿಂದ ಮಂಡಿಯ ತನಕ ಸರಿಯಾಗಿ ಒಬ್ಬ ಪ್ಯಾಡಿ ಮುಗಿಯುತ್ತಿದ್ದ. ಗೋರಂಟ್ಲದ ಕಡೆಯಿಂದ ಸಂತೆಗೆ ಬಂದವರಂತೂ ಇವತ್ತು ಯಾವ ಪ್ಯಾಡಿಯಪ್ಪಾ ಎಂದು ಕೇಳಿಯೇ ಗಾಡಿಗೆ ಕಾಲಿಡುತ್ತಿದ್ದರು.

ಇಷ್ಟೆಲ್ಲ ಕೇಳಿದವರಲ್ಲಿ ಒಬ್ಬರಾದರೂ, ಅದು ಸರಿ, ನಿಮ್ಮಮ್ಮ ನಿನಗಿಟ್ಟ ಹೆಸರೇನು ಎಂದು ಕೇಳಬಾರದೇ? ಕೇಳಲಿಲ್ಲ. ಜನ ಹಾಗೆಯೇ, ಬಾಯಿಗೆ ರುಚಿಯಾದದ್ದು ಸಿಕ್ಕಿದ ಮೇಲೆ ಮುಂದೆ ಕೈಚಾಚುವುದಿಲ್ಲ. ಸಂಜೆ ಗಾಡಿ ಬಿಟ್ಟು, ಮಂಡಿಯ ಹಿಂದಿನ ತಗಡಿನ ಸೂರಿನಡಿ ಕುದುರೆಗೆ ಹುರುಳಿ ಇಟ್ಟು, ತನಗೊಂದು ಮುದ್ದೆ ತಿರುವಿಕೊಳ್ಳುವಾಗ ಅವನಿಗೆ ಮಾತಾಡಲು ಆ ಕುದುರೆ ಬಿಟ್ಟರೆ ಯಾರೂ ಇರಲಿಲ್ಲ. ಅದರ ಹೆಸರು ಬಿಡ್ಡಿ. ಅದೂ ಆ ದೇಶದ್ದೇ ಹೆಸರು. ಒಬ್ಬನಿಗೆಂದು ಎಸರಿಟ್ಟರೆ ಹಿಟ್ಟು ಒಂದೋ ಹೆಚ್ಚಾಗುತ್ತದೆ, ಇಲ್ಲವೇ ಸಾಲದು. ಮೂವತ್ತು ವರ್ಷವಾದರೂ ಆ ಅಳತೆ ಅವನಿಗೆ ಕೈಗೆ ಹತ್ತಲಿಲ್ಲ.

ಅವನು ಹುಟ್ಟಿದ್ದು ಕಲ್ಯಾಣದುರ್ಗದಿಂದ ಸೆಟ್ಟೂರಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಮೊದಲ ಹೆಸರು ಕೊಂಡಪ್ಪ. ಆ ಸೀಮೆಯಲ್ಲಿ ಬೆಟ್ಟದ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಗಂಡು ಕೊಂಡಪ್ಪ, ಹೆಣ್ಣಾದರೆ ಕೊಂಡಮ್ಮ. ಹರಕೆ ಹೊರದ ಮನೆ ಇರಲಿಲ್ಲವಾದ್ದರಿಂದ ಕೊಂಡಪ್ಪನಿಲ್ಲದ ಮನೆಯೂ ಇರಲಿಲ್ಲ. ಬೀದಿಯಲ್ಲಿ ಒಬ್ಬರನ್ನು ಕೂಗಿದರೆ ನಾಲ್ಕು ತಲೆ ತಿರುಗುತ್ತಿದ್ದವು.

ಇಪ್ಪತ್ತನೆಯ ವಯಸ್ಸಿನಲ್ಲಿ ಅವನಿಗೆ ಕಂಬದೂರಿನ ಆದೆಮ್ಮನನ್ನು ತಂದರು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆಂದು ನಂಬಿದ ಊರುಗಳು ಅವು. ಮದುವೆಯ ದಿನ ಮಾತ್ರ, ಹೊಸ್ತಿಲಲ್ಲಿ ಅಡ್ಡ ನಿಂತ ಹೆಂಗಸರು ಬಿಡದೆ ಕೇಳಿದಾಗ, ಹೊಸ ಸೊಸೆ ಒಂದೇ ಒಂದು ಸಲ ಹೇಳಿ ಒಳಗೆ ಬರಬೇಕು. ಆದೆಮ್ಮ ತಲೆ ತಗ್ಗಿಸಿ ಅಂದ ಆ ಒಂದು ‘ಕೊಂಡಪ್ಪ’ವನ್ನು ಅವನು ಹಿಂದೆಯೇ ನಿಂತು ಕೇಳಿಸಿಕೊಂಡಿದ್ದ. ಅಲ್ಲಿಂದ ಮುಂದೆ ಆ ಹೆಸರಿರಲಿ, ಅದರ ನೆರಳು ಬಿದ್ದ ಮಾತನ್ನೂ ಅವಳು ಆಡಲಿಲ್ಲ. ತೆಲುಗಿನಲ್ಲಿ ಬೆಟ್ಟಕ್ಕೆ ಎಲ್ಲರೂ ಕೊಂಡ ಎಂದರೆ ಅವಳು ಗುಟ್ಟ ಎನ್ನುತ್ತಿದ್ದಳು. ಒಮ್ಮೆ ಇಬ್ಬರೂ ಪೆನುಕೊಂಡದ ಬಾಬಯ್ಯನ ದರ್ಗಾಕ್ಕೆ ಹೋಗಿಬಂದರು. ಎಲ್ಲಿಗೆ ಹೋಗಿದ್ದೆ ಆದೆಮ್ಮಾ ಎಂದು ಬಾವಿಯ ಹತ್ತಿರ ಹೆಂಗಸರು ಬೇಕೆಂದೇ ಕೇಳಿದಾಗ, ಅವಳು ಕೊಡ ಎತ್ತಿ ಸೊಂಟಕ್ಕಿಟ್ಟು, “ಆ ಕೋಟೆಯೂರಿಗೆ” ಅಂದಳಂತೆ. ಊರೆಲ್ಲ ನಕ್ಕಿತು. ಕೊಂಡಪ್ಪನೂ ನಕ್ಕ. ನಕ್ಕರೂ ಆ ರಾತ್ರಿ ಅವನಿಗೆ ತಾನೂ ಒಬ್ಬ ಮನುಷ್ಯನೆಂಬ ಸಣ್ಣ ಜಂಬ ಬಂದಿತ್ತು.

ಮದುವೆಯಾಗಿ ಮೂರು ವರ್ಷಕ್ಕೆ ಜರ್ಮನಿಯ ಯುದ್ಧಕ್ಕೆ ಹೇಸರಗತ್ತೆ ಹೊಡೆಯುವವರು ಬೇಕೆಂದು ಡಂಗುರ ಬಿತ್ತು. ಪ್ರಾಣಿಗಳೆಂದರೆ ಅವನಿಗೆ ಮೊದಲಿನಿಂದಲೂ ಹುಚ್ಚು. ಹಿಂದೂಪುರದಲ್ಲಿ ರೈಲು ಹತ್ತಿದವನು ಬೊಂಬಾಯಿಗೆ ಹೋಗಿ, ಹಡಗಿನಲ್ಲಿ ವಾಂತಿ ಮಾಡಿಕೊಂಡು ಬಸ್ರಾದಲ್ಲಿ ಇಳಿದ. ಅವನ ತುಕಡಿಯಲ್ಲಿ ಅನಂತಪುರ ಜಿಲ್ಲೆಯ ಕೊಂಡಪ್ಪಗಳೇ ಐವರಿದ್ದರು. ಪಕ್ಕದ ಡೇರೆಗಳಲ್ಲಿ ಐರ್ಲೆಂಡಿನ ಸೋಲ್ಜರುಗಳು. ಅವರಲ್ಲಿ ಪ್ಯಾಡಿಗಳು ಎಷ್ಟು ಜನ ಎಂದು ಲೆಕ್ಕವಿಟ್ಟವರಿಲ್ಲ. ಉದ್ದ ಪ್ಯಾಡಿ, ಕುಳ್ಳ ಪ್ಯಾಡಿ, ಕೆಂಪು ಕೂದಲಿನ ಪ್ಯಾಡಿ. ಈ ಕೆಂಪು ಪ್ಯಾಡಿ ಊರಲ್ಲಿ ಕುದುರೆ ಸಾಕಿದ್ದವನು, ಸಂಜೆಯಾದರೆ ಹೇಸರಗತ್ತೆಗಳ ಹತ್ತಿರ ಬಂದು ಕೂತುಬಿಡುತ್ತಿದ್ದ. ಅವನಿಗೆ ಕನ್ನಡ ಬಾರದು, ಇವನಿಗೆ ಇಂಗ್ಲಿಷ್ ಬಾರದು, ಇಬ್ಬರಿಗೂ ಅರೆಬರೆ ಹಿಂದೂಸ್ತಾನಿ. ಆದರೂ ಇವನ ಊರಿನ ಕೊಂಡಪ್ಪಗಳ ಸಂಗತಿ ಅವನಿಗೆ ಚೆನ್ನಾಗಿಯೇ ತಿಳಿಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ. ಐವರು ಕೊಂಡಪ್ಪಗಳಲ್ಲಿ ನಿನ್ನನ್ನು ನಾನು ಹೇಗೆ ಗುರುತು ಹಿಡಿಯಲಿ, ನೀನು ಇನ್ನು ಮೇಲೆ ಪ್ಯಾಡಿ ಎಂದ. ಹಾಗೆ ಬಂದ ಹೆಸರು ಅದು. ಊರಿನ ದೊಡ್ಡ ದೊಡ್ಡ ಪ್ಯಾಡಿಗಳ ಕಥೆಗಳನ್ನೂ ಅವನೇ ಹೇಳಿದ್ದು. ಮರು ವರ್ಷದ ಬೇಸಗೆಯಲ್ಲಿ ಜ್ವರ ಬಂದು ಕೆಂಪು ಪ್ಯಾಡಿ ತೀರಿಕೊಂಡ. ಕಥೆಗಳು ಇವನ ಹತ್ತಿರ ಉಳಿದವು.

ಅದೇ ಜ್ವರಕ್ಕೆ ಐವರು ಕೊಂಡಪ್ಪಗಳಲ್ಲಿ ಒಬ್ಬ ಸತ್ತ. ಅವನೂ ಕಲ್ಯಾಣದುರ್ಗ ತಾಲ್ಲೂಕಿನವನೇ, ಸೆಟ್ಟೂರಿನ ಹತ್ತಿರದವನು, ಇವನ ತಂದೆಯಂತೆ ಅವನ ತಂದೆಯ ಹೆಸರೂ ತಿಮ್ಮಪ್ಪನೇ. ಸತ್ತ ಸುದ್ದಿಯ ಕಾಗದ ತಾಲ್ಲೂಕಿಗೆ ಬಂದು, ಅಲ್ಲಿಂದ ತಿಮ್ಮಪ್ಪನ ಮಗ ಕೊಂಡಪ್ಪನ ಮನೆ ಹುಡುಕುತ್ತಾ ಹೊರಟು, ಮೊದಲು ಸಿಕ್ಕ ಇವನ ಮನೆಗೆ ಬಂತು. ತಪ್ಪು ಯಾರದೆಂದು ಹೇಳುವುದು? ಅಷ್ಟು ಕೊಂಡಪ್ಪಗಳನ್ನು ಹೆತ್ತವರದೇ ಇರಬೇಕು. ಮನೆಯವರು ಅತ್ತರು, ದಿನ ಮಾಡಿದರು, ಹೊಲದ ಬದುವಿನಲ್ಲಿ ಕಲ್ಲು ನೆಟ್ಟರು. ಆದೆಮ್ಮನ ಬಳೆ ಒಡೆದರು. ಇವನು ಹವಾಲ್ದಾರನ ಕೈಯಲ್ಲಿ ಬರೆಸಿ ಹಾಕಿದ ಎರಡು ಕಾಗದಗಳು ಅದೇ ದಾರಿಯಲ್ಲಿ ಅಡ್ಡಹಾಯ್ದು ಆ ಇನ್ನೊಬ್ಬ ಕೊಂಡಪ್ಪನ ಮನೆ ಸೇರಿದವು. ಮಗ ಬದುಕಿದ್ದಾನೆಂದು ಅಲ್ಲಿನ ಮುದುಕಿ ಎರಡು ವರ್ಷ ಬಾಗಿಲಲ್ಲಿ ಕೂತಿದ್ದಳು. ಊರಿಗೆ ಬಂದ ಮೇಲೆ ಅವಳಿಗೆ ವಿಷಯ ಹೇಳಿದವನೂ ಇವನೇ. ಕಣ್ಣು ಕಾಣದ ಅವಳು ಇವನ ಮುಖವನ್ನೆಲ್ಲ ತಡವಿ, ಅಲ್ಲ ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಇಪ್ಪತ್ತನೇ ಇಸವಿಯಲ್ಲಿ ಅವನು ಊರಿಗೆ ಬಂದಾಗ ಕೆಲವರು ಕಲ್ಲೆಸೆದರು, ಕೆಲವರು ಓಡಿದರು, ಕೊನೆಗೆ ಅಣ್ಣ ಬಂದು ಮುಟ್ಟಿ ನೋಡಿ ಅತ್ತ. ಅತ್ತಾದ ಮೇಲೆ ತೊಡಕು ಶುರುವಾಯಿತು. ದಿನ ಮಾಡಿಸಿಕೊಂಡವನು ಹಾಗೇ ನೇರ ಮನೆಯೊಳಕ್ಕೆ ಬರುವಂತಿಲ್ಲ. ಹೊಸದಾಗಿ ಹುಟ್ಟಬೇಕು. ಎಳೆಗೂಸಿಗೆ ಮಾಡುವಂತೆ ಎರೆದು, ಮೊರದಲ್ಲಿಟ್ಟು, ಸೋದರತ್ತೆಯ ಬಾಯಿಂದ ಕಿವಿಯಲ್ಲಿ ಹೆಸರು ಹೇಳಿಸಬೇಕು. ಆರಡಿಯ ಆಳನ್ನು ಮೊರದಲ್ಲಿಡುವುದು ಹೇಗೆ? ಎರಡು ಪಾದಗಳನ್ನು ಮೊರದೊಳಗಿಟ್ಟು ಅಂಗಳದಲ್ಲಿ ಕೂರಿಸಿದರು. ಹುಡುಗರು ಕಿಸಕ್ಕೆಂದರು. ಹಲ್ಲಿಲ್ಲದ ಸೋದರತ್ತೆ ನರಸಕ್ಕ ಪಕ್ಕಕ್ಕೆ ಬಂದು ಯಾವ ಹೆಸರು ಹೇಳಲಪ್ಪಾ ಎಂದು ಹಿರಿಯರನ್ನು ಕೇಳಿದಳು.

ನನ್ನ ಹೆಸರು ನನಗಿಲ್ಲವೇ ಎಂದು ಅವನು ಕೇಳಿದ. ಹಿರಿಯರು ಅಣ್ಣನ ಹೆಂಡತಿಯ ಸೊಂಟದ ಮೇಲಿದ್ದ ಎರಡು ವರ್ಷದ ಮಗುವಿನ ಕಡೆಗೆ ಕೈ ತೋರಿಸಿದರು. ಸತ್ತವನೇ ಮತ್ತೆ ಹುಟ್ಟಿದನೆಂದು ಮಗುವಿಗೆ ಅವನ ಹೆಸರನ್ನು ಕಟ್ಟಿ ಆಗಿತ್ತು. ಒಂದು ಮನೆಯಲ್ಲಿ ಒಂದು ಹೆಸರು ಇಬ್ಬರಿಗಿದ್ದರೆ ಮಗುವಿಗೆ ಕೇಡು. ಮಗು ತನ್ನ ಹೆಸರಿನ ಚಿಕ್ಕಪ್ಪನನ್ನು ನೋಡುತ್ತಾ ಬೆರಳು ಚೀಪುತ್ತಿತ್ತು.

ಅಷ್ಟರಲ್ಲಿ ಅವನಿಗೆ ಇನ್ನೊಂದು ವಿಷಯವೂ ತಿಳಿದಿತ್ತು. ತವರಿಗೆ ಹೋಗಿದ್ದ ಆದೆಮ್ಮನನ್ನು ಕಂಬದೂರಿನಲ್ಲಿ ಗಂಗುಲಪ್ಪ ಎಂಬ ಕುರಿಯವನಿಗೆ ಕೂಡಿಕೆ ಮಾಡಿಕೊಟ್ಟಿದ್ದರು. ಕೂಡಿಕೆಗೆ ವಾಲಗವಿಲ್ಲ, ಹೊಸ್ತಿಲ ಶಾಸ್ತ್ರವಿಲ್ಲ, ಮಬ್ಬುಗತ್ತಲಲ್ಲಿ ಒಂದು ಸೀರೆ ಉಡಿಸಿ ಕಳಿಸಿಬಿಡುವುದು. ಸುದ್ದಿ ಕೇಳಿ ಅವಳು ಅವತ್ತು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನಡೆದು ಬಂದಿದ್ದಳು. ಬೇಲಿಯ ಆಚೆ ನಿಂತಿದ್ದಳು. ಮೊದಲ ಗಂಡ ತನ್ನ ಹೆಸರಿನಲ್ಲಿ ಎದ್ದು ನಿಂತು ಕೇಳಿದರೆ ಕೂಡಿಕೆ ಮುರಿಯುವ ಅಧಿಕಾರ ಕಟ್ಟೆಯ ಹಿರಿಯರಿಗಿತ್ತು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆದರೆ ಅವನು ನೋಡಿದ್ದು ಕಂಕುಳಲ್ಲಿದ್ದ ಕೂಸನ್ನು ಮಾತ್ರ. ಸಿಟ್ಟು ತಲೆಗೇರಿತು. ತನ್ನ ಹೆಸರು ಒಂದು ಮಗುವಿಗೆ, ತನ್ನ ಹೆಂಡತಿ ಒಬ್ಬ ಕುರಿಯವನಿಗೆ, ತನಗೆ ಉಳಿದದ್ದು ಕಾಲಡಿಯ ಮೊರ. “ಕೊಂಡಪ್ಪ ಸತ್ತೋದ ಬುಡಿ” ಅಂದ, ಬೇಲಿಯಾಚೆಗೂ ಕೇಳುವ ಹಾಗೆ. “ನಾನು ಪ್ಯಾಡಿ. ಅದೇ ಹೇಳು ಅತ್ತೆ, ಕಿವೀಲಿ.”

ನರಸಕ್ಕ ಮೂರು ಸಲ ಆ ಹೆಸರನ್ನು ಬೊಚ್ಚುಬಾಯಲ್ಲಿ ಅವನ ಕಿವಿಗೆ ಹಾಕಿದಳು. ಶಾಸ್ತ್ರವೆಂದ ಮೇಲೆ ಶಾಸ್ತ್ರವೇ. ಅವನು ತಲೆಯೆತ್ತಿ ನೋಡಿದಾಗ ಬೇಲಿಯ ಹತ್ತಿರ ಯಾರೂ ಇರಲಿಲ್ಲ. ಎಂಟು ದಿನದಲ್ಲಿ ಅವನು ಊರು ಬಿಟ್ಟ. ರೈಲು ಹತ್ತಿಸಿದ ಊರೆಂದು ಹಿಂದೂಪುರಕ್ಕೆ ಬಂದ, ತೋಟಪ್ಪನವರ ತಂದೆಯ ಕಾಲದಲ್ಲಿ ಮಂಡಿಯ ಗಾಡಿ ಹೊಡೆದ, ಆಮೇಲೆ ಸ್ವಂತ ಜಟಕಾ ಮಾಡಿದ. ಇನ್ನೊಂದು ಮದುವೆಗೆ ಹೆಣ್ಣು ತೋರಿಸಲು ಬಂದವರಿಗೆ, ಪ್ಯಾಡಿಗಳಿಗೆ ಹೆಣ್ಣು ಕೊಡಬಾರದಂತೆ ಎಂದು ನಗಿಸಿ ಕಳಿಸಿಬಿಡುತ್ತಿದ್ದ.

ಮೂವತ್ತು ವರ್ಷದ ಮೇಲೆ, ಸ್ವಾತಂತ್ರ್ಯವೆಲ್ಲ ಬಂದಾದ ಮೇಲೆ, ಓಟಿನ ಪಟ್ಟಿ ಬರೆಯಲು ಸ್ಕೂಲು ಮೇಷ್ಟ್ರು ಕೇಶವಯ್ಯ ಮಂಡಿಯ ಹಿಂದಿನ ಸೂರಿಗೆ ಬಂದರು. ಹೆಸರು ಎಂದು ಅವರು ಕೇಳುವ ಮೊದಲೇ ಪಕ್ಕದವರು ಪ್ಯಾಡಿ ಎಂದು ಕೂಗಿ ಹೇಳಿದರು. ಮೇಷ್ಟ್ರು ಬರೆದುಕೊಂಡರು. ಅವರ ಪೆನ್ನು ಕಾಗದದ ಮೇಲೆ ಹರಿದದ್ದನ್ನು ನೋಡುತ್ತಿದ್ದ ಐವತ್ತೆಂಟು ವರ್ಷದ ಆ ಮನುಷ್ಯ ಕಾಗದದ ಹತ್ತಿರಕ್ಕೆ ಬಾಗಿದ. ಮಾತಿನ ಹೆಸರು ಮಾತಿನಲ್ಲೇ ಹೋಗುತ್ತದೆ. ಇದು ಸರ್ಕಾರದ ಕಾಗದ, ಅಚ್ಚಾಗಿ ಬರುತ್ತದೆ. ತಾನು ಸತ್ತ ಮೇಲೂ ಅಲ್ಲಿ ಪ್ಯಾಡಿ ಇರುತ್ತಾನೆ, ಕೊಂಡಪ್ಪ ಹುಟ್ಟಿಯೇ ಇರಲಿಲ್ಲವೆಂದಾಗುತ್ತದೆ.

“ಅದು ಹೊಡ್ದಾಕಿ ಸೋಮಿ. ಕೊಂಡಪ್ಪ ಅಂತ ಬರ್ಕಳಿ” ಅಂದ.

ಅಕ್ಕಪಕ್ಕದವರು ಗೊಳ್ಳೆಂದು ನಕ್ಕರು. ಇದು ಇವನ ಹೊಸ ಕಥೆಯೆಂದುಕೊಂಡರು. ಮೇಷ್ಟ್ರು ನಗಲಿಲ್ಲ, ಒಳ್ಳೆಯ ಮನುಷ್ಯ. ಊರೆಲ್ಲ ಒಂದು ಹೆಸರು ಹೇಳುತ್ತಿರುವಾಗ ತಾನು ಬೇರೆ ಬರೆಯುವಂತಿಲ್ಲ, ಕಲ್ಯಾಣದುರ್ಗದ ತಾಲ್ಲೂಕು ಕಚೇರಿಯಿಂದ ನೀನು ಇಂಥವನೆಂದು ಒಂದು ಚೀಟಿ ತಂದರೆ ತಿದ್ದಿಕೊಡುತ್ತೇನೆ, ಒಂದು ತಿಂಗಳು ಸಮಯವಿದೆ ಎಂದರು. ಬಿಡ್ಡಿಯನ್ನು ಮುನಿಯಕ್ಕನ ವಶಕ್ಕೆ ಬಿಟ್ಟು, ಖಾಕಿ ಕೋಟಿಗೆ ಎರಡು ಗುಂಡಿ ಹಾಕಿಸಿಕೊಂಡು, ಅವನು ರೈಲು ಹತ್ತಿದ. ಅನಂತಪುರದಲ್ಲಿ ಇಳಿದು ಬಸ್ಸು ಹಿಡಿದ.

ಕಚೇರಿಯಲ್ಲಿ ಶಿವಯೋಗಪ್ಪ ಎಂಬ ಗುಮಾಸ್ತರು ಅವನ ಹಳ್ಳಿಯ ಜನನ ಮರಣದ ಪುಸ್ತಕ ತೆಗೆಸಿ ನೋಡಿ, ನೀನು ಹದಿನೇಳನೇ ಇಸವಿಯಲ್ಲೇ ಸತ್ತಿದ್ದೀಯಲ್ಲಪ್ಪಾ ಎಂದರು. ತಮಾಷೆಗೇ ಅಂದರು, ಆದರೆ ಬರೆದಿದ್ದದ್ದು ಹಾಗೆಯೇ. ಅದನ್ನು ಅಲ್ಲಗಳೆಯಬೇಕಾದರೆ ಆಗ ಇವನನ್ನು ಬಲ್ಲವರು ಯಾರಾದರೂ ಬಂದು, ಇವನೇ ಇಂಥ ಹೆಸರಿನವನೆಂದು ತಮ್ಮ ಬಾಯಿಂದ ಹೇಳಿ ಹೆಬ್ಬೆಟ್ಟು ಒತ್ತಬೇಕು. ಅವನು ಊರಿಗೆ ಹೋದ. ಅಣ್ಣ ಅತ್ತಿಗೆ ಇರಲಿಲ್ಲ, ನರಸಕ್ಕ ಇರಲಿಲ್ಲ, ಕಟ್ಟೆಯ ಹಿರಿಯರಲ್ಲಿ ಒಬ್ಬರೂ ಇರಲಿಲ್ಲ. ಅಂದು ಬೆರಳು ಚೀಪುತ್ತಿದ್ದ ಮಗು ಈಗ ಮೀಸೆಯ ಕೊಂಡಪ್ಪ. ಮಜ್ಜಿಗೆ ಕೊಟ್ಟು, ನನಗೆ ಬುದ್ಧಿ ಬಂದಾಗಿನಿಂದ ನಿನ್ನನ್ನು ಪ್ಯಾಡಿ ಚಿಕ್ಕಪ್ಪ ಅಂತಲೇ ಕೇಳಿರೋದು, ಸುಳ್ಳು ಹೇಗೆ ಹೇಳಲಿ ಎಂದ. ಹೊಲದ ಬದುವಿನಲ್ಲಿ ಅವನ ಕಲ್ಲು ಇನ್ನೂ ಇತ್ತು. ಅದಕ್ಕೆ ಯಾರೋ ಎಮ್ಮೆ ಕಟ್ಟಿದ್ದರು.

ಉಳಿದವಳು ಆದೆಮ್ಮ ಒಬ್ಬಳೇ. ಕಂಬದೂರಿನ ಕಡೆಗೆ ಅವನ ಕಾಲು ಏಳಲಿಲ್ಲ, ಆದರೂ ಹೋದ. ಗಂಗುಲಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಬೆಳೆದ ಮಗ ಮನೆ ನಡೆಸುತ್ತಿದ್ದ. ಆದೆಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ತಲೆ ನರೆತಿತ್ತು. ಅವನನ್ನು ನೋಡಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಯಾರು ಎಂದು ಕೇಳಲಿಲ್ಲ.

ಅವನು ಬಂದ ಕೆಲಸ ಹೇಳಿದ. ಒಂದೇ ಒಂದು ಮಾತು ಕಚೇರಿಯಲ್ಲಿ ಹೇಳಿದರೆ ಸಾಕು, ಇನ್ಯಾವತ್ತೂ ಈ ಕಡೆ ತಲೆ ಹಾಕುವುದಿಲ್ಲ ಎಂದ. ಅವಳು ಆಗಲೆಂದು ತಲೆಯಾಡಿಸಿದಳು, ಏನು ಹೇಳಬೇಕೆಂದು ಕೇಳಲಿಲ್ಲ. ಸುಲಿದ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, ಈಗ ಇರುವುದು ಎಲ್ಲಿ ಎಂದು ಕೇಳಿದಳು. ಹಿಂದೂಪುರದಲ್ಲಿ ಎಂದ.

“ಆ ಕೋಟೆಯೂರು ದಾಟಿ ಹೋಗ್ಬೇಕಲ್ವಾ?”

“ಊಂ. ಅದು ದಾಟಿ ಮುಂದಕ್ಕೆ.” ಅವನ ತಲೆಯಲ್ಲಿ ಕಚೇರಿ, ಚೀಟಿ, ಹೆಬ್ಬೆಟ್ಟು ಇವೇ ತುಂಬಿದ್ದವು.

ಮರುದಿನ ಅವಳ ಮಗನೂ ಜೊತೆಗೆ ಬಂದ. ಮೂವರೂ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಬಂದು ಶಿವಯೋಗಪ್ಪನವರ ಮೇಜಿನ ಮುಂದೆ ನಿಂತರು. ಗುಮಾಸ್ತರು ಶುರುಮಾಡಿದರು. ನಿನ್ನ ಹೆಸರು? ಆದೆಮ್ಮ. ಊರು? ಕಂಬದೂರು. ಗಂಡನ ಹೆಸರು? ಇಲ್ಲಿ ಗುಮಾಸ್ತರು ಅಭ್ಯಾಸಬಲದಿಂದ ಅವಳ ಮಗನ ಕಡೆಗೆ ತಿರುಗಿದರು, ಯಾಕೆಂದರೆ ಈ ಪ್ರಶ್ನೆಗೆ ಯಾವ ಹೆಂಗಸೂ ತಾನಾಗಿ ಉತ್ತರ ಕೊಡುತ್ತಿರಲಿಲ್ಲ. ಆದೆಮ್ಮ ತಾನೇ ಹೇಳಿದಳು, “ಗಂಗುಲಪ್ಪ.” ಪಕ್ಕದ ಮನೆಯವನ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದಳು. ಗುಮಾಸ್ತರು ಹುಬ್ಬೇರಿಸಿ ಬರೆದುಕೊಂಡರು. ಪ್ಯಾಡಿ ಅವಳ ಕಡೆಗೆ ತಿರುಗಿ ನೋಡಿದ.

“ಈ ಮನುಷ್ಯ ಗೊತ್ತೇನಮ್ಮಾ?”

“ಗೊತ್ತು.”

“ಏನು ಇವನ ಹೆಸರು?”

ಆದೆಮ್ಮ ನೆಲ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಗುಮಾಸ್ತರು ಕನ್ನಡ ತಿಳಿಯಲಿಲ್ಲವೇನೋ ಎಂದು ಅದನ್ನೇ ತೆಲುಗಿನಲ್ಲಿ, ಪೇರೇಮಿ ಅಮ್ಮಾ, ಪೇರು ಚೆಪ್ಪು ಎಂದರು.

“ಅದೊಂದು ಬುಟ್ಟು ಬ್ಯಾರೆ ಏನಾರ ಕೇಳಿ ಸೋಮಿ.”

“ಬೇರೆ ಏನೂ ಕೇಳೋಕೆ ಇಲ್ಲಮ್ಮ. ಇರೋದೇ ಅದೊಂದು.”

“ಇವ್ರೇ ಅವ್ರು. ನನ್ನ ಮಗನ ಆಣೆಗೂ ಇವ್ರೇ.”

ಅವರು ಎಂದರೆ ಯಾರು ಎಂದು ಗುಮಾಸ್ತರು ಕೇಳಿದರು. ಅವಳು ಪಕ್ಕಕ್ಕೆ ಕೈ ತೋರಿಸಿದಳು. ನಾನೇ ಹೆಸರು ಹೇಳಿಕೊಟ್ಟು ನೀನು ತಲೆಯಾಡಿಸಿದರೆ ಅದು ಸಾಕ್ಷಿಯಾಗುವುದಿಲ್ಲ, ನಿನ್ನ ಬಾಯಿಂದಲೇ ಬರಬೇಕು, ಗಂಡನ ಹೆಸರನ್ನೇ ಹೇಳಿದವಳಿಗೆ ಇದೇನು ಕಷ್ಟ ಎಂದು ಸಮಾಧಾನದಿಂದಲೇ ಹೇಳಿದರು. ಅವಳ ತುಟಿ ಒಮ್ಮೆ ಅಲುಗಿತು. ಮತ್ತೆ ಮುಚ್ಚಿಕೊಂಡಿತು. ಕಣ್ಣಲ್ಲಿ ನೀರು ತುಂಬಿತು. ಗೋಡೆಯ ಗಡಿಯಾರ ಹತ್ತು ನಿಮಿಷ ತಿರುಗುವವರೆಗೆ ಶಿವಯೋಗಪ್ಪ ಕಾದರು, ಆಮೇಲೆ ಸಾಕ್ಷಿಗೆ ಹೆಸರು ತಿಳಿಯದು ಎಂದು ಬರೆದು ಪುಸ್ತಕ ಮುಚ್ಚಿದರು.

ಹೊರಗೆ ಬೇವಿನ ಮರದ ಕೆಳಗೆ ಅವಳು ಅವನ ಹತ್ತಿರ ಬಂದು ಒಂದು ಬುತ್ತಿಗಂಟು ಚಾಚಿದಳು. ಮಗ ದೂರದಲ್ಲಿ ಬೀಡಿ ಹಚ್ಚುತ್ತಿದ್ದ. ಮಗನ ಹೆದರಿಕೆಗೆ ಬಾಯಿ ಕಟ್ಟಿಕೊಂಡಳು, ಇಷ್ಟು ದೂರ ಬಂದು ಮಾನ ಕಳೆದಳು ಎಂದು ಅವನು ಕುದಿಯುತ್ತಿದ್ದ.

“ಗಂಗುಲಪ್ಪನ ಹೆಸ್ರು ಬಾಯ್ತುಂಬ ಬಂತಲ್ಲ. ನಂದಕ್ಕೆ ಏನಾಗಿತ್ತು?”

ಅವಳು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. “ಅದು ಬ್ಯಾರೆ” ಅಂದಳು. “ಇದು ಬ್ಯಾರೆ.”

ಅಷ್ಟೇ ಹೇಳಿ ಗಂಟನ್ನು ಅವನ ಕೈಯಲ್ಲಿಟ್ಟು ಮಗನ ಹಿಂದೆ ನಡೆದಳು. ಕಂಬದೂರಿನ ಬಸ್ಸು ಧೂಳೆಬ್ಬಿಸಿಕೊಂಡು ಹೊರಟಾಗ ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

ಅನಂತಪುರದಲ್ಲಿ ಮಧ್ಯಾಹ್ನದ ರೈಲು ಹತ್ತಿ ಕಿಟಕಿಯ ಪಕ್ಕ ಕೂತ. ಧರ್ಮಾವರ ಕಳೆಯಿತು. ಬದುಕಿದ್ದಾಗ ಸತ್ತವನೆಂದರು, ಸತ್ತವನೆಂದು ಬರೆದದ್ದನ್ನು ಹೊಡೆದುಹಾಕಲು ಭೂಮಿಯ ಮೇಲೆ ಒಬ್ಬ ಸಾಕ್ಷಿಯೂ ಇಲ್ಲವಾಯಿತು. ಇನ್ನು ಪ್ಯಾಡಿಯಾಗಿಯೇ ಹೋಗಬೇಕು. ಹಸಿವಾಗಿತ್ತು, ಬೇಡವೆಂದುಕೊಂಡೇ ಗಂಟು ಬಿಚ್ಚಿದ. ಜೋಳದ ರೊಟ್ಟಿ, ಕಡಲೆಕಾಯಿ ಚಟ್ನಿ, ಎರಡು ಈರುಳ್ಳಿ. ಚಟ್ನಿಗೆ ಬೆಳ್ಳುಳ್ಳಿ ಹಾಕಿರಲಿಲ್ಲ. ಅವನಿಗೆ ಬೆಳ್ಳುಳ್ಳಿ ಆಗುತ್ತಿರಲಿಲ್ಲ. ತುತ್ತು ಬಾಯಿಗಿಡುವಾಗ ರೈಲು ನಿಧಾನವಾಯಿತು, ಪ್ಲಾಟ್‌ಫಾರ್ಮಿನಲ್ಲಿ ಪೋರ್ಟರು ಎಂದಿನ ರಾಗದಲ್ಲಿ ಕೂಗುತ್ತಾ ಬಂದ. “ಪೆನುಕೊಂಡಾ! ಪೆನುಕೊಂಡಾ!”

ಅವನ ಕೈ ಅಲ್ಲೇ ನಿಂತಿತು. ಆ ಕೋಟೆಯೂರು ದಾಟಿ ಹೋಗಬೇಕಲ್ವಾ, ಎಂದು ಕೇಳಿದ್ದಳು. ನಿನ್ನೆ. ಜಗಲಿಯ ಮೇಲೆ ನಿಂತು. ನರೆತ ತಲೆಯ ಮುದುಕಿ, ಇನ್ನೊಬ್ಬನಿಗೆ ಮಕ್ಕಳನ್ನು ಹೆತ್ತು, ಅವನನ್ನು ಮಣ್ಣು ಮಾಡಿ ಆರು ವರ್ಷವಾದವಳು. ಆ ಗಂಗುಲಪ್ಪನ ಹೆಸರನ್ನು ಸಲೀಸಾಗಿ ಹೇಳಿದವಳು. ಕೂಡಿಕೆಯಲ್ಲಿ ಅವಳನ್ನು ಯಾರೂ ಹೊಸ್ತಿಲಲ್ಲಿ ನಿಲ್ಲಿಸಿ ಹೆಸರು ಕೇಳಿರಲಿಲ್ಲ. ಅವಳು ಹೊಸ್ತಿಲಲ್ಲಿ ಹೇಳಿದ್ದು ಒಂದೇ ಹೆಸರು, ಅದನ್ನು ಆಮೇಲೆ ಬಾಯಿಗೆ ತರಲಿಲ್ಲ. ಮೊರದಲ್ಲಿ ಕಾಲಿಟ್ಟುಕೊಂಡು ಅವನು ಕೊಂಡಪ್ಪ ಸತ್ತನೆಂದು ಕೂಗಿದ್ದನ್ನು ಬೇಲಿಯಾಚೆ ಕೇಳಿಸಿಕೊಂಡ ಮೇಲೂ ತರಲಿಲ್ಲ. ಸರ್ಕಾರ ಎದುರಿಗೆ ಕೂತು ಕೇಳಿದರೂ ತರಲಿಲ್ಲ. ಅವನ ಆಯುಸ್ಸು ಸವೆಯಬಾರದಲ್ಲ.

ಐವತ್ತೆಂಟು ವರ್ಷದ ಜಟಕಾದವನು ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಸೀಟಿನವರು ನೋಡುತ್ತಿದ್ದಾರೆಂಬ ಎಗ್ಗಿಲ್ಲದೆ ಅತ್ತ. ಇಳಿದು ತಿರುಗಿ ಹೋಗೋಣವೆನ್ನಿಸಿತು. ಹೋಗಿ ಏನೆಂದು ಹೇಳುವುದು? ಮೂವತ್ತು ವರ್ಷದ ಹಿಂದೆ ಬೇಲಿಯ ಹತ್ತಿರಕ್ಕೆ ಹತ್ತು ಹೆಜ್ಜೆ ಇದ್ದಾಗ ಹೋಗದವನು ಈಗ ಎಲ್ಲಿಗೆ ಹೋಗುವುದು? ರೈಲು ಸಿಳ್ಳೆ ಹಾಕಿ ಹೊರಟಿತು, ಕೋಟೆಯ ಬೆಟ್ಟ ಬಹಳ ದೂರದವರೆಗೆ ಕಿಟಕಿಯಲ್ಲೇ ಇತ್ತು.

ಚೀಟಿ ಸಿಕ್ಕಿತೇ ಎಂದು ಕೇಶವಯ್ಯ ಮೇಷ್ಟ್ರು ಕೇಳಿದಾಗ ಅವನು ಇಲ್ಲವೆಂದು ತಲೆಯಲ್ಲಾಡಿಸಿದ. ಅವರಿಗೆ ಕನಿಕರವಾಯಿತು, ಇನ್ನೊಂದು ಅರ್ಜಿ ಬರೆದುಕೊಡುತ್ತೇನೆ ಎಂದರು. “ಬ್ಯಾಡಿ ಸೋಮಿ. ಪ್ಯಾಡಿ ಅಂತಲೇ ಇರ್ಲಿ” ಅಂದ. ಪಟ್ಟಿ ಅಚ್ಚಾಗಿ ಬಂತು, ಅದರಲ್ಲಿ ಪ್ಯಾಡಿ, ತಂದೆ ತಿಮ್ಮಪ್ಪ, ವಯಸ್ಸು ಐವತ್ತೆಂಟು ಎಂದಿತ್ತು. ಓಟಿನ ದಿನ ಖಾಕಿ ಕೋಟು ತೊಟ್ಟು ಹೋಗಿ ಓಟು ಹಾಕಿ ಬಂದ. ಸಂಜೆ ಸೂರಿನಡಿ ಮುದ್ದೆಗೆ ಎಸರಿಟ್ಟ. ಅವತ್ತೂ ಹಿಟ್ಟು ಹೆಚ್ಚಾಯಿತು.

ಪ್ಯಾಡಿಗಳ ಕಥೆಗಳನ್ನು ಅವನು ಆಮೇಲೆ ಹೇಳುವುದು ಕಡಿಮೆಯಾಯಿತು. ಬಿಡ್ಡಿಯ ಕಿವಿಯ ಹಿಂದೆ ಕೆರೆಯುತ್ತಾ ಸುಮ್ಮನೆ ಕೂತಿರುತ್ತಿದ್ದ. ಪೆನುಕೊಂಡಕ್ಕೆ ಮುಂದಿನ ಗಾಡಿ ಯಾವಾಗ ಎಂದು ಯಾರಾದರೂ ಬಂದು ಕೇಳಿದರೆ, “ಕೋಟೆಯೂರಿಗಾ? ಸಂಜೆ ಐದಕ್ಕೆ ಐತೆ” ಎನ್ನುತ್ತಿದ್ದ. ಮುದುಕನಿಗೆ ವಯಸ್ಸಾಗಿ ಊರಿನ ಹೆಸರೂ ಮರೆತುಹೋಗಿದೆಯೆಂದು ಉಳಿದ ಜಟಕಾದವರು ನಗುತ್ತಿದ್ದರು. ಅವನು ತಿದ್ದಲು ಹೋಗುತ್ತಿರಲಿಲ್ಲ.